ತಡವಾಗ್ತಿದ್ದರೆ ಇಂಗ್ಲಿಷ್‌ನಲ್ಲಿ ಹೀಗೆ ಮೆಸೇಜ್ ಹಾಕಿ
ಮೀಟಿಂಗಿಗೋ ಇಂಟರ್‌ವ್ಯೂಗೋ ಹೋಗುವಾಗ ತಡವಾದರೆ ‘ಐ ಆಮ್ ಗೆಟಿಂಗ್ ಲೇಟ್’ ಬೇಡ, ‘ಐ ಆಮ್ ರನ್ನಿಂಗ್ ಟೆನ್ ಮಿನಿಟ್ಸ್ ಲೇಟ್’ ಅಂತ ಬರೆಯಿರಿ. ಮೊದಲನೆಯದು ‘ನಂಗೆ ಲೇಟಾಗ್ತಿದೆ’ ಅನ್ನೋ ನಮ್ಮ ಮಾತಿನ ನೇರ ಇಂಗ್ಲಿಷ್. ಇಲ್ಲಿ ನಡೆಯುತ್ತದೆ, ಆದರೆ ಅಮೆರಿಕ, ಇಂಗ್ಲೆಂಡಿನವರ ಕಿವಿಗೆ ಸರಿ ಅನ್ನಿಸುವುದಿಲ್ಲ. ಎರಡನೆಯದರಲ್ಲಿ ನೀವು ಬರ್ತಿದ್ದೀರಿ, ಇನ್ನೆಷ್ಟು ಹೊತ್ತು ಕಾಯಬೇಕು, ಎರಡೂ ಗೊತ್ತಾಗುತ್ತವೆ. ಕಾಯುವವರಿಗೆ ಬೇಕಿರುವುದೂ ಅದೇ ಅಲ್ವಾ? ಹತ್ತು ಅಂತ ಹೇಳಿ ಅರ್ಧ ಗಂಟೆ ಮಾಡಬೇಡಿ, ಸ್ವಲ್ಪ ಜಾಸ್ತಿಯೇ ಹೇಳಿ. ರೈಲು, ಬಸ್ಸಿಗೂ ‘ರನ್ನಿಂಗ್ ಲೇಟ್’ ಸರಿಹೋಗುತ್ತದೆ. ತಲುಪಿದ ಮೇಲೆ ಮಾತ್ರ ಇದು ಕೂಡುವುದಿಲ್ಲ, ಆಗ ‘ಸಾರಿ ಐ ಆಮ್ ಲೇಟ್’ ಸಾಕು. ಗಡುವು ದಾಟಿದ ಬಿಲ್ಲಿಗೆ ‘ಓವರ್‌ಡ್ಯೂ’, ಇನ್ನೂ ಬಾರದ ಪಾರ್ಸೆಲ್ಲಿಗೆ ‘ಡಿಲೇಡ್’.