ಹೆಡ್‌ಲೈಟ್ ಒಳಗೆ ನೀರು: ಕರಾವಳಿ ಮಳೆಯಲ್ಲಿ ನಾನು ಮಾಡಿದ ರಿಪೇರಿ

ಜುಲೈ ತಿಂಗಳಲ್ಲಿ ಮಂಗಳೂರಿನ ಯಾವ ಬೀದಿಯಲ್ಲಿ ನೋಡಿದರೂ ಕಾರುಗಳ ಹೆಡ್‌ಲೈಟ್ ಒಳಗೆ ತೆಳುವಾಗಿ ಮಂಜು ಹಿಡಿದಿರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನನ್ನ ಕಾರಿನ ಕಥೆ ಬೇರೆ. ಎಡಗಡೆ ಲೈಟಿನ ತಳದಲ್ಲಿ ನೀರೇ ನಿಂತಿತ್ತು. ಬ್ರೇಕ್ ಹಾಕಿದರೆ ಮುಂದೆ ಬರುವುದು, ಗೇರ್ ಹಾಕಿ ಎಳೆದರೆ ಹಿಂದೆ ಹೋಗುವುದು. ಗ್ಲಾಸಿನ ಒಳಗೆಲ್ಲ ದಪ್ಪ ದಪ್ಪ ಹನಿ. ರಾತ್ರಿ ಹೈವೇಯಲ್ಲಿ ಎಡಗಡೆ ಬೆಳಕು ರಸ್ತೆಗೆ ಬೀಳುವ ಬದಲು ಚೆಲ್ಲಾಪಿಲ್ಲಿ ಆಗುತ್ತಿತ್ತು. ಎದುರಿನಿಂದ ಬರುವವರು ನಾನು ಹೈ ಬೀಮ್ ಹಾಕಿದ್ದೇನೆ ಅಂದುಕೊಂಡು ಡಿಪ್ ಹೊಡೆಯುತ್ತಿದ್ದರು.

ಗ್ಯಾರೇಜಿನವರು ನೋಡಿ ನಕ್ಕರು. "ಎಂತ ಸಾರ್, ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ. ಅಡಿಗೆ ಒಂದು ಸಣ್ಣ ತೂತು ಹೊಡೆಯುವ, ನೀರು ಇಳಿದು ಹೋಗ್ತದೆ." ಇನ್ನೊಬ್ಬರು ಇಡೀ ಲೈಟೇ ಬದಲಾಯಿಸಿ ಅಂದರು. ಎರಡೂ ನನಗೆ ಒಪ್ಪಿಗೆ ಆಗಲಿಲ್ಲ. ನೀರು ಎಲ್ಲಿಂದ ಬಂತು ಅಂತ ಇಬ್ಬರೂ ನೋಡಿರಲಿಲ್ಲ. ಅದು ಗೊತ್ತಾಗದೆ ಹೊಸ ಲೈಟ್ ಹಾಕಿದರೂ ಮುಂದಿನ ಮಳೆಗೆ ಅದರಲ್ಲೂ ನೀರು ಬರಬಹುದು, ಅಲ್ವಾ?

ಹೆಡ್‌ಲೈಟ್ ಒಳಗೆ ಗಾಳಿ ಹೋಗಿ ಬರಲು ಕಂಪನಿಯವರೇ ದಾರಿ ಇಟ್ಟಿರುತ್ತಾರೆ. ಹಿಂಬದಿಯಲ್ಲಿ ಬಾಗಿದ ಸಣ್ಣ ರಬ್ಬರ್ ಪೈಪ್ ಇರುತ್ತದೆ, ಬಾಯಿ ಕೆಳಮುಖವಾಗಿ. ಅದಕ್ಕೆ ಬ್ರೀದರ್ ಅನ್ನುತ್ತಾರೆ. ಕೆಲವು ಕಾರುಗಳಲ್ಲಿ ಪೈಪಿನ ಬದಲು ತೆಳು ಪೊರೆಯ ಒಂದು ಬಿಲ್ಲೆ ಅಂಟಿಸಿರುತ್ತಾರೆ. ಆ ಪೊರೆಯಲ್ಲಿ ಗಾಳಿ ಮತ್ತು ಆವಿ ಓಡಾಡುತ್ತವೆ, ನೀರಿನ ಹನಿ ದಾಟುವುದಿಲ್ಲ. ಒಟ್ಟಿನಲ್ಲಿ ಇದು ಹೆಡ್‌ಲೈಟಿನ ಮೂಗು. ಲೈಟ್ ಹಾಕಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 27 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಹಿಗ್ಗುತ್ತದೆ. ಅಷ್ಟು ಗಾಳಿ ಹೊರಗೆ ಹೋಗುತ್ತದೆ, ಲೈಟ್ ಆರಿಸಿದ ಮೇಲೆ ವಾಪಸ್ ಬರುತ್ತದೆ. ಮೂಗು ಕಟ್ಟಿದ್ದರೆ ಎಲ್ಲಿ ಸಂದಿ ಸಿಗುತ್ತದೋ ಅಲ್ಲಿಂದ ಎಳೆದುಕೊಳ್ಳುತ್ತದೆ. ಆ ಸಂದಿಯ ಹೊರಗೆ ಮಳೆನೀರು ನಿಂತಿದ್ದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಪಂಪ್‌ವೆಲ್‌ನಲ್ಲೋ ಕೊಟ್ಟಾರ ಚೌಕಿಯಲ್ಲೋ ನೀರು ನಿಂತ ರಸ್ತೆಗೆ ಕಾರು ಇಳಿಸಿದಾಗ ಆಗುವುದು ಇದೇ. ಅಷ್ಟು ಹೊತ್ತು ಉರಿದು ಬಿಸಿಯಾದ ಲೈಟಿಗೆ ತಣ್ಣೀರು ಎರಚುತ್ತದೆ, ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ.

ನಮ್ಮ ಕಡೆ ಇನ್ನೊಂದು ತಾಪತ್ರಯ ಉಂಟು. ಮಳೆಗಾಲದಲ್ಲಿ ಗಾಳಿಯೇ ಒದ್ದೆ. 27 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವ ಇರುವ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ನೀರಾಗಿ ಕೂರುತ್ತದೆ. ಬರೀ ಎರಡು ಡಿಗ್ರಿ. ಒಂದು ಜೋರು ಮಳೆ ಗ್ಲಾಸಿನ ಮೇಲೆ ಬಿದ್ದರೆ ಅಷ್ಟು ತಣ್ಣಗಾಗುತ್ತದೆ. ಹಾಗಾಗಿ ಇಲ್ಲಿ ಮಂಜೇ ಬರಬಾರದು ಅಂತ ಹಟ ಹಿಡಿದರೆ ಆಗುವುದಿಲ್ಲ. ಬಂದ ಮಂಜು ಹೋಗುತ್ತದಾ ಇಲ್ಲವಾ ಅಂತ ನೋಡಬೇಕು. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಎರಡೂ ಲೈಟಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಮಂಜು ಇದ್ದು, ಲೈಟ್ ಹಾಕಿ ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಹೋಗುತ್ತದೆ ಅಂದರೆ ಮುಟ್ಟಬೇಡಿ. ಒಂದೇ ಲೈಟಿನಲ್ಲಿ ಇದ್ದರೆ, ಹನಿ ಕಟ್ಟಿ ಕೆಳಗೆ ಇಳಿಯುತ್ತಿದ್ದರೆ, ಬಿಸಿಲು ಬಂದರೂ ಹೋಗದಿದ್ದರೆ ಆಗ ಬಿಚ್ಚಿ.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಬ್ಯಾಟರಿಯ ನೆಗೆಟಿವ್ ವಯರ್ ತೆಗೆದು, ಗ್ರಿಲ್ ಮೇಲಿನ ಕ್ಲಿಪ್ ಬಿಚ್ಚಿ, ಬಂಪರಿನ ಒಂದು ಮೂಲೆ ಸಡಿಲಿಸಿದೆ. 10ರ ಸ್ಪ್ಯಾನರಿನಲ್ಲಿ ಬೋಲ್ಟ್ ತೆಗೆದ ಮೇಲೆ ಲೈಟ್ ಕೈಗೆ ಬಂತು. ಕೆಲವು ಕಾರುಗಳಲ್ಲಿ ಬಂಪರ್ ಪೂರ್ತಿ ಇಳಿಸಬೇಕಾಗುತ್ತದೆ. ಅಂಥದ್ದಾದರೆ ಆ ಕೆಲಸ ಮಾತ್ರ ಗ್ಯಾರೇಜಿನಲ್ಲಿ ಮಾಡಿಸುವುದು ಒಳ್ಳೆಯದು. ಬಂಪರ್ ಕ್ಲಿಪ್ ಮುರಿದರೆ ಆಮೇಲೆ ಕಟಕಟ ಸದ್ದು ತಪ್ಪಿದ್ದಲ್ಲ.

ಲೈಟ್ ತಿರುಗಿಸಿ ನೋಡಿದ ಕೂಡಲೇ ಒಂದು ಕಾರಣ ಸಿಕ್ಕಿತು. ಹಿಂದಿನ ಮಾಲೀಕರು ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದರು. ಅದರ ಹಿಂದೆ ಫ್ಯಾನ್ ಇರುತ್ತದೆ, ಮಾಮೂಲಿ ರಬ್ಬರ್ ಕವರಿನೊಳಗೆ ಅದು ಹಿಡಿಸುವುದಿಲ್ಲ. ಹಾಗಾಗಿ ಹಾಕಿದವರು ಬ್ಲೇಡಿನಲ್ಲಿ ಕವರಿನ ನಡುಭಾಗ ಕೊಯ್ದು ಫ್ಯಾನ್ ಹೊರಗೆ ಬಿಟ್ಟಿದ್ದರು. ಕೊಯ್ದ ಜಾಗದಲ್ಲಿ ಸುತ್ತಲೂ ಬೆರಳು ತೂರುವಷ್ಟು ಸಂದಿ. ಬಲ್ಬ್ ಹಿಡಿಯುವ ತಂತಿಯ ಕ್ಲಿಪ್ಪಿಗೆ ತುಕ್ಕು ಬಂದು, ತುಕ್ಕಿನ ನೀರು ಒಳಗೆ ಕಂದು ಗೆರೆಯಾಗಿ ಇಳಿದಿತ್ತು. ಟೈರ್ ಎರಚುವ ನೀರು, ಕಾರ್ ವಾಷ್‌ನಲ್ಲಿ ಬಾನೆಟ್ ತೆಗೆದು ಹೊಡೆಯುವ ಪ್ರೆಶರ್ ನೀರು, ಎಲ್ಲಕ್ಕೂ ಅದು ಹೆಬ್ಬಾಗಿಲು.

ಈ ಎಲ್‌ಇಡಿಯಿಂದ ಇನ್ನೂ ಒಂದು ತೊಂದರೆ ಇದೆ. ಹ್ಯಾಲೊಜೆನ್ ಎಚ್4 ಬಲ್ಬ್ ಲೋ ಬೀಮಿನಲ್ಲಿ 55 ವ್ಯಾಟ್, ಹೈ ಬೀಮಿನಲ್ಲಿ 60 ವ್ಯಾಟ್ ತಿನ್ನುತ್ತದೆ. ಅದರಲ್ಲಿ ಬಹುಪಾಲು ಶಾಖವೇ. ಆ ಶಾಖ ಬೆಳಕಿನ ಜತೆ ಮುಂದಕ್ಕೂ ಹೋಗಿ ಗ್ಲಾಸ್ ಒಣಗಿಸುತ್ತದೆ. ಎಲ್‌ಇಡಿಯ ಬಿಸಿ ಹಿಂದಿನ ಫ್ಯಾನ್ ಕಡೆ ಹೋಗುತ್ತದೆ, ಗ್ಲಾಸ್ ತಣ್ಣಗೇ ಇರುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರುಗಳಲ್ಲೂ ಮಂಜು ಬೇಗ ಹೋಗದಿರಲು ಇದೂ ಒಂದು ಕಾರಣ.

ಎರಡನೇ ಕಾರಣ ಬ್ರೀದರಿನಲ್ಲಿ ಸಿಕ್ಕಿತು. ಪೈಪ್ ಕಿತ್ತು ಊದಿದೆ. ಗಾಳಿ ಹೋಗಲಿಲ್ಲ. ತೆಳು ತಂತಿ ಹಾಕಿ ಕೆದಕಿದಾಗ ಮೊದಲು ಒಣಗಿದ ಕೆಂಪು ಮಣ್ಣು ಉದುರಿತು, ಅದರ ಹಿಂದೆ ಜೇಡಗಳ ಸಣ್ಣ ಸಣ್ಣ ಕಾಲು, ಮತ್ತೆ ಮಣ್ಣು. ಮಣ್ಣಿನ ಗೂಡು ಕಟ್ಟುವ ಹುಳ ಅದರೊಳಗೆ ಸಂಸಾರ ಹೂಡಿತ್ತು. ಹೆಂಚಿನ ಮನೆಯ ಕಿಟಕಿ ಸಂದಿ, ಸ್ವಿಚ್ ಬೋರ್ಡಿನ ತೂತು, ನಲ್ಲಿ ಬಾಯಿ ಯಾವುದನ್ನೂ ಬಿಡದ ಹುಳ ಇದನ್ನು ಬಿಡುತ್ತದಾ? ಪೈಪನ್ನು ಸೋಪ್ ನೀರಿನಲ್ಲಿ ತೊಳೆದು ಒಣಗಿಸಿದೆ. ಕೆಲವು ಪೈಪುಗಳ ಒಳಗೆ ಸಣ್ಣ ಸ್ಪಂಜ್ ತುಂಡು ಇರುತ್ತದೆ. ಅದು ಕಸ ಅಂತ ಬಿಸಾಡಬೇಡಿ, ತೊಳೆದು ವಾಪಸ್ ಹಾಕಿ.

ಗ್ಲಾಸ್ ಮತ್ತು ಹಿಂದಿನ ಕಪ್ಪು ಬಾಡಿ ಸೇರುವ ಅಂಚಿನಲ್ಲಿ ಸೋರಿಕೆ ಇದೆಯಾ ಅಂತ ನೋಡುವುದು ಬಾಕಿ ಇತ್ತು. ಅದಕ್ಕೆ ಬಲ್ಬಿನ ತೂತಿಗೆ ಪ್ಲಾಸ್ಟಿಕ್ ಬಿಗಿದು ಟೇಪ್ ಸುತ್ತಿದೆ. ಒಂದು ಬ್ರೀದರ್ ಬಿಟ್ಟು ಉಳಿದ ತೂತೆಲ್ಲ ಮುಚ್ಚಿದೆ. ಪೇಂಟ್ ಬ್ರಷ್‌ನಲ್ಲಿ ಅಂಚಿನ ಸುತ್ತ ಸೋಪ್ ನೀರು ಹಚ್ಚಿ, ಉಳಿದ ಬ್ರೀದರಿಗೆ ಪೈಪ್ ಸಿಕ್ಕಿಸಿ ಬಾಯಲ್ಲೇ ಮೆಲ್ಲಗೆ ಊದಿದೆ. ಸೋರುವಲ್ಲಿ ಗುಳ್ಳೆ ಏಳುತ್ತದೆ. ನನ್ನದರಲ್ಲಿ ಏಳಲಿಲ್ಲ, ಅಂಚು ಗಟ್ಟಿ ಇತ್ತು. ಇದಕ್ಕೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಿಡಿಯಬೇಡಿ. ಚೆನ್ನಾಗಿರುವ ಅಂಚನ್ನೂ ಅದು ಬಿಡಿಸಿಬಿಡುತ್ತದೆ.

ಒಣಗಿಸುವುದು ಹೇಗೆ ಅಂತ ಜಾಸ್ತಿ ಯೋಚನೆ ಮಾಡಿದ್ದೆ. ಲೈಟ್ ವಾಲಿಸಿ ನೀರು ಬಸಿದಾಯಿತು, ಹನಿ ಉಳಿಯಿತು. ಒಳಗೆ ಬಟ್ಟೆ ತೂರಿಸಿ ಒರೆಸುವ ಹಾಗಿಲ್ಲ. ಹೊಳೆಯುವ ರಿಫ್ಲೆಕ್ಟರ್ ಮೇಲೆ ಇರುವುದು ಅಲ್ಯೂಮಿನಿಯಂನ ತೀರಾ ತೆಳು ಲೇಪ, ಒರೆಸಿದರೆ ಗೀರು ಬೀಳುತ್ತದೆ ಇಲ್ಲವೇ ಎದ್ದು ಬರುತ್ತದೆ. ಹೀಟ್ ಗನ್ನಂತೂ ಬೇಡವೇ ಬೇಡ. ನಾವು ಗ್ಲಾಸ್ ಅನ್ನುವುದು ನಿಜದಲ್ಲಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, 150 ಡಿಗ್ರಿ ಹತ್ತಿರ ಹೋದರೆ ಮೆತ್ತಗಾಗುತ್ತದೆ. ಹೇರ್ ಡ್ರೈಯರ್ ಹಿಡಿದರೆ ಹನಿ ಆವಿಯಾಗುತ್ತದೆ ನಿಜ. ಆದರೆ ಒಳಗೆ ತುಂಬುವುದು ಅದೇ ಜುಲೈ ತಿಂಗಳ ಗಾಳಿ. ಬಿಸಿ ಇಳಿದ ಮೇಲೆ ಮತ್ತೆ ಮಂಜು.

ಹಾಗಾಗಿ ಲೈಟನ್ನು ಎಸಿ ರೂಮಿಗೆ ತಂದೆ. ಎಸಿ ಓಡುವಾಗ ಹೊರಗಿನ ಪೈಪಿನಿಂದ ತೊಟ್ಟಿಕ್ಕುವ ನೀರೆಲ್ಲ ರೂಮಿನ ಗಾಳಿಯಿಂದ ಹಿಂಡಿದ್ದೇ. ಮಳೆಗಾಲದಲ್ಲಿ ನಮ್ಮ ಊರಲ್ಲಿ ಒಣಗಿದ ಗಾಳಿ ಬೇಕಾದರೆ ಅದೊಂದೇ ಜಾಗ. ಡ್ರೈ ಮೋಡಿನಲ್ಲಿ ಎಸಿ ಇಟ್ಟೆ. ಮಗಳ ಮೀನಿನ ತೊಟ್ಟಿಯ ಹಳೇ ಗಾಳಿ ಪಂಪ್ ಇತ್ತು, ಅದರ ಟ್ಯೂಬನ್ನು ಬಲ್ಬಿನ ತೂತಿನಲ್ಲಿ ಒಳಗಿನವರೆಗೆ ಬಿಟ್ಟು ರಾತ್ರಿಯಿಡೀ ಓಡಿಸಿದೆ. ಗಾಳಿ ಸಣ್ಣಗೆ ಬರುತ್ತದೆ, ಯಾವುದಕ್ಕೂ ಹಾನಿಯಿಲ್ಲ, ಮೂಲೆ ಮೂಲೆಯ ತೇವ ಹೊರಗೆ ಹೋಗುತ್ತದೆ. "ನಮಗೆ ಸೆಕೆ ಅಂದರೆ ಮೆಸ್ಕಾಂ ಬಿಲ್ ತೋರಿಸ್ತೀರಿ, ಲೈಟಿಗಾದರೆ ಎಸಿ ರೂಮು" ಅಂತ ಹೆಂಡತಿ ಹೇಳಿದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಮನೆಯಲ್ಲಿ ಎಸಿ ಇಲ್ಲದವರು ಬೇರೆ ಕಾರು ಸಿಕ್ಕಿದರೆ ಅದರ ಮುಂದಿನ ಸೀಟಿನಲ್ಲಿ ಲೈಟ್ ಇಟ್ಟು, ಹೊರಗಿನ ಗಾಳಿ ಬಂದ್ ಮಾಡಿ ಎಸಿ ಹಾಕಿಕೊಂಡು ಒಂದು ದೂರದ ಪ್ರಯಾಣ ಮಾಡಿದರೂ ಆಗುತ್ತದೆ.

ಸಿಲಿಕಾ ಜೆಲ್ ಪೊಟ್ಟಣ ಒಳಗೇ ಹಾಕಿ ಮುಚ್ಚಿ ಅಂತ ಹಲವರು ಹೇಳುತ್ತಾರೆ. ನನಗೆ ಅದು ಇಷ್ಟ ಇಲ್ಲ. ಬ್ರೀದರಿನಿಂದ ದಿನವೂ ಹೊಸ ತೇವ ಬರುತ್ತಲೇ ಇರುತ್ತದೆ, ಪೊಟ್ಟಣ ಬೇಗ ತುಂಬಿಕೊಂಡು ಸುಮ್ನೆ ಕೂರುತ್ತದೆ. ಜಾರಿ ಬಲ್ಬಿಗೆ ತಾಗಿದರೆ ಕರಗುತ್ತದೆ ಬೇರೆ.

ಮರುದಿನ ಹೊಸ ರಬ್ಬರ್ ಕವರ್ ತಂದೆ. ತೀರಾ ಕಡಿಮೆ ಬೆಲೆಯ ಸಾಮಾನು ಅದು. ಎಲ್‌ಇಡಿ ತೆಗೆದು ಹ್ಯಾಲೊಜೆನ್ ಹಾಕಿದೆ. ಅದರ ಗಾಜು ಬರಿಗೈಲಿ ಮುಟ್ಟಬಾರದು, ಬೆರಳಿನ ಎಣ್ಣೆ ಹತ್ತಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಕವರಿನ ಮೇಲೆ ಟಾಪ್ ಅಂತ ಬರೆದ ಕಡೆ ಮೇಲೆ ಬರಬೇಕು. ಅಂಚನ್ನು ಹೆಬ್ಬೆರಳಿನಲ್ಲಿ ಸುತ್ತಲೂ ಒತ್ತಿಕೊಂಡು ಬನ್ನಿ. ಮೂರು ಪಿನ್ನಿನ ಸುತ್ತ ಇರುವ ರಬ್ಬರ್ ತುಟಿ ಒಳಮಡಚಿದ್ದರೆ ಅಲ್ಲಿಂದಲೂ ನೀರು ಹೋಗುತ್ತದೆ.

ಈಗಲೂ ಜೋರು ಮಳೆಯ ಮರುದಿನ ಎರಡೂ ಲೈಟಿನ ಮೂಲೆಯಲ್ಲಿ ತೆಳು ಮಂಜು ಕಾಣುತ್ತದೆ. ಲೈಟ್ ಹಾಕಿಕೊಂಡು ಉಡುಪಿ ಕಡೆ ಹೊರಟರೆ ಪಡುಬಿದ್ರಿ ಬರುವಾಗ ಇರುವುದಿಲ್ಲ.

ಇದನ್ನು ನೋಡಿ ಉಡುಪಿಯ ಭಾವ ತಮ್ಮ ಕಾರನ್ನೂ ತಂದು ನಿಲ್ಲಿಸಿದರು. "ಭಾವ, ನನ್ನದಕ್ಕೂ ಒಂದು ರಾತ್ರಿ ಎಸಿ ಕೊಡಿ." ಅವರದ್ದಕ್ಕೆ ಎಸಿ ಸಾಲುವ ಹಾಗಿರಲಿಲ್ಲ. ಹಿಂದೊಮ್ಮೆ ಮೂಲೆಗೆ ತಾಗಿ ಅಂಚು ಬಿಟ್ಟಿತ್ತು. ಯಾರೋ ಸುತ್ತಲೂ ಸಿಲಿಕೋನ್ ಬಳಿದು, ಬ್ರೀದರಿಗೂ ಮೆತ್ತಿ ಬಿಟ್ಟಿದ್ದರು. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲ. ಹಚ್ಚುವಾಗ ವಿನೆಗರ್ ಥರ ಹುಳಿ ವಾಸನೆ ಬರುವ ಸಿಲಿಕೋನನ್ನು ಹೆಡ್‌ಲೈಟಿಗೆ ಹಾಕಲೇಬಾರದು. ಒಣಗುವಾಗ ಅದರಿಂದ ಅಸಿಟಿಕ್ ಆಮ್ಲದ ಆವಿ ಬರುತ್ತದೆ, ರಿಫ್ಲೆಕ್ಟರಿನ ಲೇಪಕ್ಕೆ ಅದು ಒಳ್ಳೆಯದಲ್ಲ. ಅದನ್ನೆಲ್ಲ ಕಿತ್ತು, ಸೋಪ್ ನೀರು ಹಚ್ಚಿ ಊದಿದಾಗ ಗುಳ್ಳೆ ಬಂದ ಮೂಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿದು ಹಳೇ ಕಪ್ಪು ಅಂಟು ಮೆತ್ತಗೆ ಮಾಡಿ, ಬ್ಯೂಟೈಲ್ ಅನ್ನುವ ಅಂಟು ರಬ್ಬರಿನ ಟೇಪ್ ಸುರುಳಿ ತುಂಬಿ ಕ್ಲಾಂಪ್ ಹಾಕಿ ಬಿಟ್ಟೆವು. ಬ್ಯೂಟೈಲ್ ಪೂರ್ತಿ ಗಟ್ಟಿಯಾಗುವುದಿಲ್ಲ, ಮುಂದೆ ಬಿಚ್ಚಬೇಕಾದರೂ ಬಿಚ್ಚಬಹುದು. ಕೆಲವು ಕಾರುಗಳಲ್ಲಿ ಬಿಸಿಗೂ ಜಗ್ಗದ ಅಂಟು ಇರುತ್ತದೆ. ಅದನ್ನು ಎಬ್ಬಿಸಲು ಹೋದರೆ ಗ್ಲಾಸ್ ಒಡೆಯುತ್ತದೆ, ಹೊರಗಿನಿಂದಲೇ ತೇಪೆ ಹಾಕಬೇಕು.

ಲೈಟ್ ವಾಪಸ್ ಕೂರಿಸಿದ ಮೇಲೆ ಬೀಮ್ ನೋಡಿಕೊಳ್ಳುವುದು ಮರೆಯಬೇಡಿ. ಬಿಚ್ಚುವ ಮೊದಲೇ ಕಾರನ್ನು ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಲೋ ಬೀಮಿನ ಮೇಲಂಚು ಬೀಳುವಲ್ಲಿ ಟೇಪ್ ಅಂಟಿಸಿ. ಟೈರ್ ಇದ್ದ ಜಾಗಕ್ಕೂ ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಜೋಡಿಸಿದ ಮೇಲೆ ಅದೇ ಗುರುತಿಗೆ ನಿಲ್ಲಿಸಿದರೆ ಬೆಳಕು ಎಷ್ಟು ಮೇಲೆ ಕೆಳಗೆ ಆಗಿದೆ ಅಂತ ಕಾಣುತ್ತದೆ. ನನ್ನದರಲ್ಲಿ ಎಡಗಡೆ ಒಂದು ಗೇಣು ಮೇಲೆ ಹೋಗಿತ್ತು. ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಟೇಪಿಗೆ ಸರಿಯಾಗಿ ಇಳಿಸಿದೆ.