ಪ್ರೋಟಾನ್ ಮೇಲ್‌ನಿಂದ ಮೇಲ್‌ಚಿಂಪ್‌ಗೆ ಅತಿಥಿಗಳ ಪಟ್ಟಿ: ನಾನು ಮಾಡಿದ್ದು ಹೀಗೆ

ನಮ್ಮದು ಕೊಡಗಿನ ನಾಪೋಕ್ಲು ಕಡೆ ಕಾಫಿ ತೋಟ. ತೋಟದ ಮನೆಯಲ್ಲೇ ಮೂರು ರೂಮಿನ ಹೋಮ್‌ಸ್ಟೇ ಇದೆ. ಬಂದವರಲ್ಲಿ ತುಂಬಾ ಜನ ಹೊರಡುವಾಗ ಒಂದು ಮಾತು ಕೇಳುತ್ತಾರೆ, "ಕಾಫಿ ಹೂ ಬಿಟ್ಟಾಗ ನಮಗೆ ಹೇಳ್ತೀರಾ?" ಅಂತ. ಹೇಳುತ್ತೇನೆ ಅಂತ ಮಾತು ಕೊಡುತ್ತಿದ್ದೆ. ಆದರೆ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಯಾವತ್ತು ಬೀಳುತ್ತೆ ಅಂತ ಯಾರಿಗೆ ಗೊತ್ತು? ಒಂದು ವರ್ಷ ಫೆಬ್ರವರಿ ಕೊನೆಗೆ ಬೀಳುತ್ತೆ, ಇನ್ನೊಂದು ವರ್ಷ ಮಾರ್ಚ್ ಅರ್ಧ ಕಳೆದರೂ ಮೋಡ ಬಂದು ಹೋಗುತ್ತಲೇ ಇರುತ್ತೆ. ಮಳೆ ಬಿದ್ದ ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಆ ಚೆಂದ ಮೂರ್ನಾಲ್ಕು ದಿನ ಅಷ್ಟೇ. ಹಾಗಾಗಿ ಮಳೆ ಬಿದ್ದ ಮಾರನೇ ದಿನವೇ ಎಲ್ಲರಿಗೂ ಸುದ್ದಿ ಮುಟ್ಟಬೇಕು, ಇಲ್ಲದಿದ್ದರೆ ರಜೆ ಹಾಕಿ ಬರೋಕೆ ಅವರಿಗೆ ಆಗಲ್ಲ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ ನೋಡಿದೆ. ಒಂದು ಪಟ್ಟಿಗೆ 256 ಜನ ಮಾತ್ರ, ಅದರಲ್ಲೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತೆ. ಎರಡು ವರ್ಷದ ಹಿಂದೆ ಬಂದು ಹೋದವರು ನನ್ನ ನಂಬರ್ ಇಟ್ಟುಕೊಂಡಿರುತ್ತಾರಾ? ಇ-ಮೇಲೇ ಸರಿ ಅನಿಸಿತು. ಆದರೆ ನೂರಾರು ವಿಳಾಸ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ತುಂಬಿ ಒಮ್ಮೆಗೇ ಕಳಿಸಿದರೆ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತೆ, ಬೇಡ ಅನ್ನುವವರಿಗೆ ತಪ್ಪಿಸಿಕೊಳ್ಳೋಕೆ ದಾರಿಯೂ ಇರಲ್ಲ. ಅದಕ್ಕೇ ಮೇಲ್‌ಚಿಂಪ್ ಆರಿಸಿದೆ, ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಸಲ ಇ-ಮೇಲ್ ಕಳಿಸಿಕೊಡುವ ಸೇವೆ ಅದು.

ನಮ್ಮ ಪತ್ರ ವ್ಯವಹಾರವೆಲ್ಲ ಇರೋದು ಪ್ರೋಟಾನ್ ಮೇಲ್ ಅನ್ನುವ ಇ-ಮೇಲ್ ಸೇವೆಯಲ್ಲಿ. ಹೋಮ್‌ಸ್ಟೇ ನಡೆಸುವವರಿಗೆ ಇದರ ಕಾರಣ ಗೊತ್ತಿರುತ್ತೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕೊಡಬೇಕು, ಅದಕ್ಕೆ ಪಾಸ್‌ಪೋರ್ಟ್, ವೀಸಾ ವಿವರ ಬೇಕು. ನಮ್ಮವರು ಆಧಾರ್ ಕಾಪಿ ಕಳಿಸುತ್ತಾರೆ. ನಂಬಿ ಕಳಿಸಿದ್ದನ್ನು ಭದ್ರವಾಗಿ ಇಡೋದು ನಮ್ಮ ಕೆಲಸ. ಪ್ರೋಟಾನ್‌ನಲ್ಲಿ ಪತ್ರದ ಒಳಗಿರೋದನ್ನು ಕಂಪನಿಯವರೂ ಓದೋಕಾಗಲ್ಲ. ಸಂಪರ್ಕ ಪಟ್ಟಿಯಲ್ಲೂ ಫೋನ್ ನಂಬರ್, ಮನೆ ವಿಳಾಸ, ನಾವು ಬರೆದಿಟ್ಟ ಟಿಪ್ಪಣಿ ಎಲ್ಲ ಬೀಗದೊಳಗೆ ಇರುತ್ತೆ. ಹೆಸರು ಮತ್ತು ಇ-ಮೇಲ್ ವಿಳಾಸಕ್ಕೆ ಮಾತ್ರ ಆ ಬೀಗ ಇಲ್ಲ, ಯಾಕೆಂದರೆ ಪತ್ರ ಕಳಿಸೋಕೆ, ಬಂದ ಪತ್ರ ವಿಂಗಡಿಸೋಕೆ ಅವು ಬೇಕೇ ಬೇಕು.

ಮೇಲ್‌ಚಿಂಪ್ ಹಾಗಲ್ಲ. ಅಲ್ಲಿ ಹಾಕಿದ್ದು ಅವರ ಸರ್ವರ್‌ನಲ್ಲಿ ಅವರಿಗೆ ಓದೋಕಾಗುವ ಹಾಗೇ ಇರುತ್ತೆ. ಅಂಥ ಸೇವೆ ನಡೆಯೋದೇ ಹಾಗೆ. ಆದರೆ ಬೀಗ ಹಾಕಿದ ಪೆಟ್ಟಿಗೆಯಿಂದ ಬೀಗ ಇಲ್ಲದ ಕಡೆಗೆ ಸಾಗಿಸುತ್ತಿದ್ದೇನೆ ಅನ್ನೋದು ಈ ಕೆಲಸ ಮುಗಿಯುವವರೆಗೂ ನೆನಪಿರಬೇಕು.

ಕೆಲಸ ಶುರು ಮಾಡಿದ್ದು ಜೋರು ಮಳೆಯ ಕಕ್ಕಡ ತಿಂಗಳಲ್ಲಿ. ಮಳೆಗೆ ಅತಿಥಿಗಳು ಕಡಿಮೆ, ಕೈಯಲ್ಲಿ ಸಮಯ ಇರುತ್ತೆ, ಕರೆಂಟ್ ಮಾತ್ರ ಇರಲ್ಲ. ಪಟ್ಟಿ ತೆರೆದು ನೋಡಿದರೆ 1,140 ಹೆಸರು! ಇಷ್ಟು ಜನ ನಮ್ಮ ಮನೆಗೆ ಬಂದೇ ಇಲ್ಲ. ಆಮೇಲೆ ತಿಳಿಯಿತು, ನಾವು ಯಾರಿಗೆ ಪತ್ರ ಬರೆದರೂ ಅವರ ವಿಳಾಸವನ್ನು ತಾನಾಗೇ ಸೇರಿಸಿಕೊಳ್ಳುವ ಸೆಟ್ಟಿಂಗ್ ಒಂದಿದೆ, ಅದು ಆನ್ ಇತ್ತು. ಹಾಗಾಗಿ ಸೋಲಾರ್ ರಿಪೇರಿಯವರು, ಬ್ಯಾಂಕಿನವರು, ಕಾಫಿ ಕ್ಯೂರಿಂಗ್‌ನವರು, ಬರೀ ರೇಟ್ ಕೇಳಿ ಸುಮ್ಮನಾದವರು, ಎಲ್ಲರೂ ಅದರಲ್ಲಿದ್ದರು. ಮೊದಲು ಆ ಸೆಟ್ಟಿಂಗ್ ಆಫ್ ಮಾಡಿದೆ. ನೀವೂ ಮಾಡಿ.

ರಿಜಿಸ್ಟರ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಿಜವಾಗಿ ಉಳಿದು ಹೋದವರನ್ನು ಆರಿಸಿದೆ. 436 ಜನ. ಇವರೆಲ್ಲರನ್ನೂ ಹಾಗೇ ಮೇಲ್‌ಚಿಂಪ್‌ಗೆ ಹಾಕಬಹುದಾ? ಬೇಡ ಅಂತ ತೀರ್ಮಾನಿಸಿದೆ. ರೂಮ್ ಬುಕ್ ಮಾಡೋಕೆ ಅಂತ ಕೊಟ್ಟ ವಿಳಾಸ ಅದು, ಸುದ್ದಿ ಕಳಿಸೋಕೆ ಅಂತ ಕೊಟ್ಟಿದ್ದಲ್ಲ. ಮೇಲ್‌ಚಿಂಪ್‌ನ ನಿಯಮವೂ ಒಪ್ಪಿಗೆ ಇರಬೇಕು ಅನ್ನುತ್ತೆ, ಯುರೋಪಿನವರಿಗೆ 2018ರಿಂದ ಜಿಡಿಪಿಆರ್ ಅನ್ನುವ ಡೇಟಾ ರಕ್ಷಣೆಯ ಕಾನೂನು ಇದೆ, ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯೋಕೂ ಆಗಬೇಕು ಅನ್ನುತ್ತೆ. ಕಾನೂನು ಇಲ್ಲದಿದ್ದರೂ ನಾನು ಕೇಳುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಕೂತು ಕಡಂಬುಟ್ಟು ತಿಂದವರನ್ನು ಒಂದು ಮಾತು ಕೇಳದೆ ಪಟ್ಟಿಗೆ ಸೇರಿಸೋಕೆ ಮನಸ್ಸು ಬರಲ್ಲ.

ಪ್ರೋಟಾನ್‌ನಿಂದಲೇ ದಿನಕ್ಕೆ ಹದಿನೈದು, ಇಪ್ಪತ್ತು ಜನರಿಗೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದೆ. ನಾಲ್ಕೇ ಸಾಲು. ಹೂ ಬಿಟ್ಟಾಗ ಮತ್ತು ಹೊಸ ಕಾಫಿಪುಡಿ ಬಂದಾಗ, ವರ್ಷಕ್ಕೆ ಮೂರು ನಾಲ್ಕು ಪತ್ರ ಬರುತ್ತೆ, ಅದನ್ನು ಮೇಲ್‌ಚಿಂಪ್ ಅನ್ನುವ ಸೇವೆಯಿಂದ ಕಳಿಸುತ್ತೇನೆ, ನಿಮ್ಮ ಹೆಸರು ಮತ್ತು ಇ-ಮೇಲ್ ಮಾತ್ರ ಅಲ್ಲಿಗೆ ಹೋಗುತ್ತೆ, ಬೇಕಿದ್ದರೆ 'ಸರಿ' ಅಂತ ಬರೆಯಿರಿ. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ಲೆಕ್ಕ. ತಿಂಗಳು ಹಿಡಿಯಿತು. 187 ಜನ ಸರಿ ಅಂದರು. ಇಷ್ಟೇನಾ ಅಂತ ಮೊದಲು ಬೇಜಾರಾಗಿತ್ತು. ಆದರೆ ಆ ಉತ್ತರಗಳಲ್ಲಿ ಎಷ್ಟು ಜನ ಮನೆಯವರ ಕ್ಷೇಮ ಕೇಳಿದ್ದರು ಗೊತ್ತಾ, ಅತ್ತೆಯ ಮಂಡಿ ನೋವು ಹೇಗಿದೆ ಅಂತ ಕೇಳಿದವರೇ ಹತ್ತಾರು ಜನ.

ಇನ್ನು ಎಕ್ಸ್‌ಪೋರ್ಟ್. ಕಂಪ್ಯೂಟರ್‌ನಲ್ಲಿ ಪ್ರೋಟಾನ್ ತೆರೆದು, ಸಂಪರ್ಕಗಳ ಸೆಟ್ಟಿಂಗ್‌ಗೆ ಹೋದರೆ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಸಿಗುತ್ತೆ. ಫೈಲ್ ಬರೋದು ವಿಕಾರ್ಡ್ ರೂಪದಲ್ಲಿ, ಅಂದರೆ ವಿಸಿಎಫ್. ಮೇಲ್‌ಚಿಂಪ್‌ಗೆ ಬೇಕಾಗಿರೋದು ಸಿಎಸ್‌ವಿ, ಅಂದರೆ ಸಾಲು, ಕಾಲಂ ಇರುವ ಸಾದಾ ಪಟ್ಟಿ. ಹಿಂದೆ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದವರು ಒಂದು ನೋಡಿಕೊಳ್ಳಿ: ಹಳೆಯ ಕೀ ಮತ್ತೆ ಚಾಲೂ ಮಾಡಿಕೊಳ್ಳದಿದ್ದರೆ ಬೀಗದೊಳಗಿನ ಹಳೆಯ ವಿವರ ತೆರೆಯೋದೇ ಇಲ್ಲ.

ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ನನಗೆ ಎದೆ ಧಸಕ್ಕೆಂದಿತು. ಬೀಗ ಎಲ್ಲೂ ಇಲ್ಲ. ಎಲ್ಲವೂ ಸಾದಾ ಅಕ್ಷರದಲ್ಲಿ. ಒಬ್ಬರ ಹೆಸರು, ಕೆಳಗೆ ಫೋನ್ ನಂಬರ್, ಅದರ ಕೆಳಗೆ ನಾನೇ ಬರೆದಿಟ್ಟಿದ್ದ ಟಿಪ್ಪಣಿ: 'ಶುಗರ್ ಇದೆ, ಇನ್ಸುಲಿನ್ ಫ್ರಿಜ್‌ನಲ್ಲಿ ಇಡಬೇಕು.' ಇನ್ನೊಬ್ಬರದ್ದು: 'ಮಗ ತೀರಿಕೊಂಡ ಮೇಲೆ ಬಂದಿದ್ದಾರೆ, ಮಕ್ಕಳಿರುವ ಅತಿಥಿಗಳ ಪಕ್ಕದ ರೂಮ್ ಬೇಡ.' ಇದನ್ನೆಲ್ಲ ನಾನು ಬರೆದಿದ್ದು ಅವರನ್ನು ಚೆನ್ನಾಗಿ ನೋಡಿಕೊಳ್ಳೋಕೆ. ಸ್ವಲ್ಪ ಎಚ್ಚರ ತಪ್ಪಿದ್ದರೆ ಇದೇ ಸಾಲು ಮಾರ್ಕೆಟಿಂಗ್ ಸೈಟಿನ ಒಂದು ಕಾಲಂ ಆಗಿ ಹೋಗಿ ಕೂರುತ್ತಿತ್ತು.

ಅಷ್ಟರಲ್ಲಿ ಒಂದು ತಪ್ಪೂ ಆಗಿತ್ತು. ಫೈಲನ್ನು ಡೆಸ್ಕ್‌ಟಾಪ್‌ಗೆ ಇಳಿಸಿದ್ದೆ, ಆ ಡೆಸ್ಕ್‌ಟಾಪ್ ಫೋಲ್ಡರ್ ತಾನಾಗೇ ಕ್ಲೌಡ್‌ಗೆ ಕಾಪಿ ಆಗುವ ಹಾಗೆ ಯಾವತ್ತೋ ನಾನೇ ಇಟ್ಟಿದ್ದೆ. ನೆಟ್ ಬಂದ ಹತ್ತು ನಿಮಿಷದಲ್ಲಿ ಫೈಲ್ ಮೇಲಕ್ಕೆ ಹೋಗಿಬಿಟ್ಟಿತ್ತು. ಅಲ್ಲಿಂದ ಅಳಿಸಿ, ಅಲ್ಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಎಕ್ಸ್‌ಪೋರ್ಟ್ ಮಾಡುವ ಮೊದಲು ಸಿಂಕ್ ನಿಲ್ಲಿಸಿ, ಬೇರೆ ಫೋಲ್ಡರ್ ಮಾಡಿಕೊಳ್ಳಿ ಅಂತ ಹೇಳೋದು ಅದಕ್ಕೇ.

ವಿಸಿಎಫ್ ಅನ್ನು ಸಿಎಸ್‌ವಿ ಮಾಡಿಕೊಡುವ ಉಚಿತ ವೆಬ್‌ಸೈಟ್‌ಗಳು ಹುಡುಕಿದರೆ ಸಾಲುಸಾಲು ಸಿಗುತ್ತವೆ. ಅಲ್ಲಿಗೆ ಅಪ್‌ಲೋಡ್ ಮಾಡಬೇಡಿ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದನ್ನು ಯಾರದೋ ಕೈಗೆ ಕೊಟ್ಟ ಹಾಗೆ ಅದು. ನಾನು ಥಂಡರ್‌ಬರ್ಡ್ ಅನ್ನುವ ಇ-ಮೇಲ್ ಸಾಫ್ಟ್‌ವೇರ್ ಹಾಕಿಕೊಂಡೆ. ಉಚಿತ, ನಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುತ್ತೆ. ಅದರ ಅಡ್ರೆಸ್ ಬುಕ್‌ಗೆ ವಿಸಿಎಫ್ ಇಂಪೋರ್ಟ್ ಮಾಡಿ, ಅಲ್ಲಿಂದ ಸಿಎಸ್‌ವಿ ಎಕ್ಸ್‌ಪೋರ್ಟ್ ಮಾಡಿದರೆ ಆಯಿತು. ಒಬ್ಬರಿಗೇ ಮೂರು ನಾಲ್ಕು ಇ-ಮೇಲ್ ಇದ್ದರೆ ಮಾತ್ರ ಕೈಯಾರೆ ನೋಡಿಕೊಳ್ಳಬೇಕು.

ಆ ಸಿಎಸ್‌ವಿ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದೆ. ಕನ್ನಡದಲ್ಲಿ ಬರೆದಿದ್ದ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿದ್ದವು. 91 ಸೇರಿಸಿ ಬರೆದಿದ್ದ ಹನ್ನೆರಡು ಅಂಕಿಯ ಫೋನ್ ನಂಬರ್‌ಗಳು ದಶಾಂಶ ಚುಕ್ಕೆಯ ಲೆಕ್ಕವಾಗಿ ಕುಗ್ಗಿದ್ದವು. ಫೈಲ್ ಕೆಟ್ಟಿಲ್ಲ, ತೆರೆದ ರೀತಿ ತಪ್ಪು. ಸೇವ್ ಮಾಡದೆ ಮುಚ್ಚಿ, ಲಿಬ್ರೆ ಆಫೀಸ್‌ನಲ್ಲಿ ತೆರೆದೆ. ಅಕ್ಷರಗಳು ಯಾವ ಸಂಕೇತದಲ್ಲಿವೆ ಅಂತ ಅದು ಮೊದಲೇ ಕೇಳುತ್ತೆ, ಯುಟಿಎಫ್-8 ಅಂತ ಆರಿಸಿದರೆ ಕನ್ನಡ ಸರಿಯಾಗಿ ಬರುತ್ತೆ. ಆಮೇಲೆ ಫೋನ್, ವಿಳಾಸ, ಹುಟ್ಟಿದ ದಿನ, ಟಿಪ್ಪಣಿ, ಎಲ್ಲ ಕಾಲಂ ಅಳಿಸಿದೆ. 'ಸರಿ' ಅಂದ 187 ಸಾಲು ಉಳಿಸಿ ಬಾಕಿ ತೆಗೆದೆ. ಉಳಿದಿದ್ದು ಇ-ಮೇಲ್, ಹೆಸರು, ಒಪ್ಪಿಗೆ ಬಂದ ತಾರೀಕು.

ಹೆಸರಿನ ವಿಷಯಕ್ಕೆ ಬಂದಾಗ ಅತಿ ಜಾಸ್ತಿ ಸಮಯ ಹೋಯಿತು. ಇದನ್ನು ನಮ್ಮ ಕಡೆಯವರು ಓದಲೇಬೇಕು. ಈ ಸೈಟ್‌ಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಜಾಗ ಇರುತ್ತೆ, ಪತ್ರದ ಶುರುವಿನಲ್ಲಿ ಮೊದಲ ಹೆಸರು ಹಿಡಿದು ಕರೆಯುತ್ತೆ. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರನ್ನೇ ತಗೊಳ್ಳಿ, ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಸಾಫ್ಟ್‌ವೇರ್ ಅವರಿಗೆ 'ನಮಸ್ಕಾರ ಕೊಡಂದೇರ' ಅಂತ ಬರೆಯುತ್ತಿತ್ತು! ಒಂದೇ ಮನೆತನದ ಆರು ಜನ ನನ್ನ ಪಟ್ಟಿಯಲ್ಲಿದ್ದಾರೆ, ಆರೂ ಜನಕ್ಕೆ ಒಂದೇ ಹೆಸರಿನ ಪತ್ರ ಹೋಗುತ್ತಿತ್ತು. ಮೈಸೂರು, ಹಾಸನ ಕಡೆಯವರದ್ದು ಇನ್ನೊಂದು ಬಗೆ, ಇನಿಷಿಯಲ್ ಮುಂದೆ, ಹಾಗಾಗಿ 'ನಮಸ್ಕಾರ ಎಚ್.' ಅಂತ ಆಗುತ್ತೆ. ತಮಿಳುನಾಡಿನವರದ್ದೂ ಹಾಗೇ.

ಅದಕ್ಕೆ 'ಕರೆಯುವ ಹೆಸರು' ಅಂತ ಒಂದು ಕಾಲಂ ಮಾಡಿದೆ. ಎರಡು ರಾತ್ರಿ ಕೂತು 187 ಸಾಲನ್ನೂ ಕೈಯಾರೆ ತುಂಬಿದೆ. ಪಕ್ಕದಲ್ಲಿ ಅತ್ತೆ ಕೂತಿದ್ದರು, ಯಾರು ಬಂದಿದ್ದರು, ಅವರನ್ನು ಮನೆಯಲ್ಲಿ ಹೇಗೆ ಕರೆಯುತ್ತಿದ್ದೆವು ಅಂತ ಅವರಿಗೆ ನನಗಿಂತ ಚೆನ್ನಾಗಿ ನೆನಪು. "ಅವರು ಮೇಷ್ಟ್ರು ಅಲ್ವಾ, ಹಾಗೇ ಬರಿ" ಅಂದರು. ಹಾಗೇ ಬರೆದೆ. ಈಗ ಅವರಿಗೆ ಹೋಗುವ ಪತ್ರ 'ನಮಸ್ಕಾರ ಮೇಷ್ಟ್ರೇ' ಅಂತ ಶುರುವಾಗುತ್ತೆ.

ಕಳಿಸುವ ವಿಳಾಸದ ಬಗ್ಗೆಯೂ ಹೇಳಬೇಕು. ಪ್ರೋಟಾನ್‌ನ ಸಾಮಾನ್ಯ ವಿಳಾಸವನ್ನೇ ಮೇಲ್‌ಚಿಂಪ್‌ನಲ್ಲಿ ಕಳಿಸುವವರ ಜಾಗಕ್ಕೆ ಹಾಕಿದರೆ ಸರಿಹೋಗಲ್ಲ. ಆ ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಪ್ರೋಟಾನ್‌ನದ್ದು, ಮೇಲ್‌ಚಿಂಪ್‌ಗೆ ಅದರ ಹೆಸರಲ್ಲಿ ಕಳಿಸುವ ಅಧಿಕಾರ ಇಲ್ಲ, ಪತ್ರ ನಿಜವಾಗಿ ಆ ಡೊಮೇನ್‌ನವರದ್ದೇನಾ ಅಂತ ನೋಡುವ ಡಿಮಾರ್ಕ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೆ. ಸ್ವಂತ ಡೊಮೇನ್ ಬೇಕು. ನಮ್ಮದು ಇತ್ತು. ಮೇಲ್‌ಚಿಂಪ್ ಹೇಳಿದ ಡಿಕಿಮ್ ದಾಖಲೆಗಳನ್ನು (ಪತ್ರಕ್ಕೆ ಡಿಜಿಟಲ್ ಸಹಿ ಇದ್ದ ಹಾಗೆ) ಡೊಮೇನ್‌ನ ಸೆಟ್ಟಿಂಗ್ ಇರುವ ಡಿಎನ್‌ಎಸ್‌ಗೆ ಸೇರಿಸಿದೆ. ಪ್ರೋಟಾನ್‌ಗೆ ಅಂತ ಮೊದಲೇ ಇದ್ದ ದಾಖಲೆಗಳನ್ನು ಮುಟ್ಟಬೇಡಿ, ಎರಡೂ ಜೊತೆಗಿರಬಹುದು. ಡಿಮಾರ್ಕ್ ದಾಖಲೆ ಮತ್ತು ಎಸ್‌ಪಿಎಫ್ (ಯಾವ ಸರ್ವರ್ ಕಳಿಸಬಹುದು ಅಂತ ಹೇಳುವ ದಾಖಲೆ) ಮಾತ್ರ ಒಂದು ಡೊಮೇನ್‌ಗೆ ಒಂದೊಂದೇ ಇರಬೇಕು, ಎರಡನೆಯದು ಹಾಕಿದರೆ ಎರಡೂ ಕೆಲಸ ಮಾಡಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಸ್ಪ್ಯಾಮ್ ದೂರು 0.3 ಪರ್ಸೆಂಟ್ ಮುಟ್ಟಬಾರದು ಅನ್ನುತ್ತವೆ. ನನ್ನ 187 ಜನರಲ್ಲಿ ಒಬ್ಬರು ಸ್ಪ್ಯಾಮ್ ಅಂತ ಒತ್ತಿದರೂ ಅರ್ಧ ಪರ್ಸೆಂಟ್ ದಾಟಿತು! ಕೇಳಿಯೇ ಸೇರಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡಿ.

ಇಂಪೋರ್ಟ್ ಮಾಡಿದ್ದು ಐದೇ ನಿಮಿಷದ ಕೆಲಸ. ಮೊದಲು ನನ್ನದು, ಗಂಡನದು, ತಮ್ಮನದು ಮೂರೇ ವಿಳಾಸದ ಚಿಕ್ಕ ಫೈಲ್ ಹಾಕಿ ಪರೀಕ್ಷೆ ಮಾಡಿದೆ, ಕನ್ನಡ ಸರಿಯಾಗಿ ಬಂತಾ, ಕರೆಯುವ ಹೆಸರು ಜಾಗಕ್ಕೆ ಕೂತಿತಾ ಅಂತ. ಆಮೇಲೆ ಪೂರ್ತಿ ಪಟ್ಟಿ. ಕಾಲಂ ಹೊಂದಿಸುವಾಗ ಬೇಡದ್ದು ಏನಾದರೂ ಉಳಿದಿದ್ದರೆ ಅಲ್ಲೇ ಬಿಡಬಹುದು. 'ಹೂ' ಮತ್ತು 'ಕಾಫಿಪುಡಿ' ಅಂತ ಎರಡು ಟ್ಯಾಗ್ ಹಾಕಿದೆ, ಕೆಲವರು ಹೂವಿನ ಸುದ್ದಿ ಮಾತ್ರ ಸಾಕು ಅಂದಿದ್ದರು. ಪತ್ರದ ಕೆಳಗೆ ಅಂಚೆ ವಿಳಾಸ ಕಡ್ಡಾಯ, ಹೋಮ್‌ಸ್ಟೇ ವಿಳಾಸವನ್ನೇ ಕೊಟ್ಟೆ.

ಕೆಲಸ ಮುಗಿದ ದಿನವೇ ವಿಸಿಎಫ್, ಸಿಎಸ್‌ವಿ, ಥಂಡರ್‌ಬರ್ಡ್‌ನ ಆ ಅಡ್ರೆಸ್ ಬುಕ್ ಎಲ್ಲ ಅಳಿಸಿದೆ. ಅಸಲು ಪಟ್ಟಿ ಪ್ರೋಟಾನ್‌ನಲ್ಲೇ ಇದೆ, ಟಿಪ್ಪಣಿ ಸಮೇತ.

ಈ ಸಲ ಮಾರ್ಚ್ ಮೊದಲ ವಾರ ರಾತ್ರಿ ಮಳೆ ಬಂತು. ಬೆಳಿಗ್ಗೆ ಅಳತೆ ನೋಡಿದರೆ ಒಂದು ಇಂಚು ದಾಟಿತ್ತು. ಕಾಫಿ ಕುಡಿದು ಕೂತು ಪತ್ರ ಬರೆದು ಹತ್ತು ಗಂಟೆಗೆ ಕಳಿಸಿದೆ. ಮೂರು ಪತ್ರ ತಲುಪದೆ ವಾಪಸ್ ಬಂದವು, ಇಬ್ಬರು ಪಟ್ಟಿಯಿಂದ ಹೊರಗೆ ಹೋದರು. ಆ ಇಬ್ಬರ ಹೆಸರಿನ ಮುಂದೆ ಪ್ರೋಟಾನ್‌ನಲ್ಲೂ 'ಪತ್ರ ಬೇಡ' ಅಂತ ಬರೆದಿಟ್ಟೆ, ಮುಂದೆ ಯಾವತ್ತಾದರೂ ಮತ್ತೆ ಪಟ್ಟಿ ಮಾಡುವಾಗ ಮರೆತು ಸೇರಿಸಬಾರದು ಅಂತ. ಸಂಜೆಯೊಳಗೆ ಮೂರು ರೂಮೂ ಬುಕ್ ಆದವು. ಹೂ ಬಿಟ್ಟಾಗ ಮೇಷ್ಟ್ರು ಹೆಂಡತಿ ಜೊತೆ ಬಂದಿದ್ದರು.

ರಿಜಿಸ್ಟರ್ ಪುಸ್ತಕದಲ್ಲಿ ಈಗ ಕೊನೆಗೆ ಒಂದು ಕಾಲಂ ಜಾಸ್ತಿ ಇದೆ, 'ಹೂ ಬಿಟ್ಟಾಗ ಪತ್ರ ಕಳಿಸಬಹುದಾ?' ಅಂತ. ಅತಿಥಿಗಳು ಹೊರಡುವಾಗ ಅತ್ತೆಯೇ ಪೆನ್ನು ಕೊಟ್ಟು ಕೇಳುತ್ತಾರೆ. ತಿಂಗಳ ಕೊನೆಗೆ ನಾನು ಹೌದು ಅಂದವರನ್ನು ಒಬ್ಬೊಬ್ಬರಾಗಿ ಮೇಲ್‌ಚಿಂಪ್‌ಗೆ ಸೇರಿಸುತ್ತೇನೆ, ಕರೆಯುವ ಹೆಸರು ಏನು ಅಂತ ಅತ್ತೆಯನ್ನು ಕೇಳಿಕೊಂಡು.