ಚಿಕ್ಕ ಮಕ್ಕಳಿಗೆ ರಿಮೋಟ್ ಕ್ರಾಲರ್ ಟ್ರಕ್ ಕೊಳ್ಳುವ ಮುಂಚೆ

ಐದಾರು ವರ್ಷದ ಮಗುವಿಗೆ ಮೊದಲ ರಿಮೋಟ್ ಗಾಡಿ ಅಂದರೆ ನನ್ನ ಓಟು ಕ್ರಾಲರ್‌ಗೇ. ರೇಸ್ ಕಾರು ಗೋಡೆಗೆ ಗುದ್ದಿ ಮೊದಲ ದಿನವೇ ಮೂಲೆ ಸೇರಬಹುದು. ಕ್ರಾಲರ್ ನಿಧಾನ, ಆದರೆ ಎಳೆಯುವ ಶಕ್ತಿ ಜಾಸ್ತಿ. ದಿಂಬು, ಪುಸ್ತಕದ ರಾಶಿ, ಅಂಗಳದ ಕಲ್ಲು, ಎಲ್ಲವನ್ನೂ ತೆವಳಿಕೊಂಡು ಹತ್ತುತ್ತದೆ.

ಮುಖ್ಯವಾಗಿ ರಿಮೋಟ್ ನೋಡಿ. ಅಗ್ಗದವುಗಳಲ್ಲಿ ಬಟನ್ ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ನಿಲುಗಡೆ, ಅಷ್ಟೇ. ಟ್ರಿಗರ್ ಸ್ವಲ್ಪ ಒತ್ತಿದರೆ ಸ್ವಲ್ಪವೇ ಚಲಿಸುವಂಥದ್ದು ಬೇಕು. ಕಲ್ಲಿನ ಮೇಲೆ ಚಕ್ರವನ್ನು ಮೆಲ್ಲಗೆ ಏರಿಸೋದೇ ಇದರ ಮಜಾ ಅಲ್ವಾ? ಮಗುವಿನ ಬೆರಳು ಟ್ರಿಗರ್‌ಗೆ ಎಟಕುತ್ತಾ ಅಂತಲೂ ನೋಡಿ. ಇಬ್ಬರು ಮಕ್ಕಳಿದ್ದರೆ ರಿಮೋಟ್ 2.4 ಗಿಗಾಹರ್ಟ್ಸ್ ರೇಡಿಯೊ ಸಿಗ್ನಲ್‌ನದ್ದೇ ಇರಲಿ, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರುವ ರಗಳೆ ಕಡಿಮೆ.

ಅಳತೆಯಲ್ಲಿ 1/18 ಅಥವಾ 1/24, ಅಂದರೆ ನಿಜವಾದ ಗಾಡಿಯ ಹದಿನೆಂಟನೇ ಅಥವಾ ಇಪ್ಪತ್ತನಾಲ್ಕನೇ ಒಂದು ಪಾಲು, ಸಾಕು. 1/10 ನೋಡೋಕೆ ಚೆಂದ, ಆದರೆ ಭಾರ. ಕಾಲ ಮೇಲೆ ಬಿದ್ದರೆ ಅಳು ಗ್ಯಾರಂಟಿ. ಟೈರು ಮೆತ್ತನೆ ರಬ್ಬರಿನದಿರಲಿ, ಗಟ್ಟಿ ಪ್ಲಾಸ್ಟಿಕ್ಕಿನದು ಸುಮ್ನೆ ಜಾರುತ್ತದೆ. ನಾಲ್ಕೂ ಚಕ್ರವನ್ನು ಮೋಟಾರೇ ತಿರುಗಿಸುತ್ತಾ ಅಂತ ಕೇಳಿ.

ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ರಿಮೋಟ್‌ನಲ್ಲಿ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಇದ್ದರೆ ಬೇಡವೇ ಬೇಡ, ನುಂಗಿದರೆ ಜೀವಕ್ಕೇ ಅಪಾಯ. ಗಾಡಿಯದು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಚಾರ್ಜಿಂಗ್ ದೊಡ್ಡವರ ಕೆಲಸ. ಊದಿಕೊಂಡಿದ್ದರೆ ಮತ್ತೆ ಬಳಸಬೇಡಿ. ಬಾಕ್ಸ್ ಮೇಲಿನ ವಯಸ್ಸನ್ನೂ ಓದಿ. ಹವ್ಯಾಸಿಗಳ ಮಾದರಿಗಳ ಮೇಲೆ ಅದು ಬಹಳ ಸಲ 14 ಅಂತಿರುತ್ತದೆ, ಅಂಥದ್ದು ತಂದರೆ ನೀವು ಜೊತೆಗೆ ಕೂರಲೇಬೇಕು. ಬಿಡಿಭಾಗ ಸಿಗುತ್ತಾ ಅಂತ ಕೊಳ್ಳುವಾಗಲೇ ವಿಚಾರಿಸಿ.